ಗೋಪಿ ಸರ್ಕಲ್ ಹತ್ತಿರದ ರಿಪೇರಿ ಅಂಗಡಿ, ನನ್ನ ಐಫೋನ್ 7 ಮತ್ತು ಕಾಣೆಯಾದ ಸಿಗ್ನಲ್

ಶಿವಮೊಗ್ಗದ ಗೋಪಿ ಸರ್ಕಲ್ ಹತ್ತಿರ ಅಡ್ಡರಸ್ತೆಯಲ್ಲಿ ಒಂದು ಪುಟ್ಟ ಮೊಬೈಲ್ ರಿಪೇರಿ ಅಂಗಡಿ ಇದೆ. ಬೋರ್ಡು ಮಳೆಗೆ ಮಾಸಿದೆ, ಒಳಗೆ ಇಬ್ಬರು ನಿಂತರೆ ಮೂರನೆಯವರು ಚರಂಡಿ ಕಲ್ಲಿನ ಮೇಲೆ ನಿಲ್ಲಬೇಕು. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಯಾಕೆ ಅಂತ ಹೇಳಬೇಕಾದರೆ ಮೊದಲು ನನ್ನ ದಡ್ಡತನ ಹೇಳಬೇಕು.

ನನ್ನದು ಹಳೇ ಐಫೋನ್ 7, ಜೈಲ್‌ಬ್ರೇಕ್ ಮಾಡಿದ್ದು, ಅಂದರೆ ಆಪಲ್ ಹಾಕಿದ ಬೀಗ ಮುರಿದು ಬೇಕಾದ್ದು ಹಾಕಿಕೊಳ್ಳೋ ಹಾಗೆ ಮಾಡಿದ್ದು. ಅದಕ್ಕೆ ದಾರಿ ಮಾಡಿಕೊಡೋ, 2019ರಲ್ಲಿ ಸಿಕ್ಕ ಚೆಕ್‌ಎಂ8 ಅನ್ನೋ ಭದ್ರತೆಯ ತೂತು ಐಫೋನ್ ಎಕ್ಸ್‌ವರೆಗೂ ಇದೆ, ಚಿಪ್‌ನಲ್ಲೇ ಇರೋದರಿಂದ ಆಪಲ್ ಅದನ್ನು ಅಪ್‌ಡೇಟ್‌ನಲ್ಲಿ ಮುಚ್ಚೋಕೆ ಆಗಲ್ಲ. ಸಿಕ್ಕಿದ್ದೆಲ್ಲ ಹಾಕಿ ಹಾಕಿ ಫೋನ್ ತೆವಳೋಕೆ ಶುರು ಮಾಡಿತು, ರಿಸ್ಟೋರ್ ಮಾಡೋಣ, ಎಲ್ಲ ಅಳಿಸಿ ಮತ್ತೆ ಐಒಎಸ್ (ಐಫೋನಿನ ಮೂಲ ಸಾಫ್ಟ್‌ವೇರ್) ಹಾಕೋಣ ಅಂದುಕೊಂಡೆ, ಆದರೆ ಹೊಸದು ಬೇಡ, ಹಳೇದೇ ಬೇಕು ಅನ್ನೋ ಹಟ. ಹಳೇ ಐಒಎಸ್‌ಗೆ ಆಪಲ್ ಕೊಟ್ಟಿದ್ದ ಒಪ್ಪಿಗೆಯ ಸಹಿ, ಅದನ್ನು ಬ್ಲಾಬ್ ಅಂತಾರೆ, ಉಳಿಸಿಟ್ಟಿದ್ದೆ. ತೀರ್ಥಹಳ್ಳಿಯ ಮನೇಲಿ ಒಂದು ರಾತ್ರಿ, ಆ ಬ್ಲಾಬ್ ಬಳಸಿ ಹಳೇ ಐಒಎಸ್ ಹಾಕೋ ಫ್ಯೂಚರ್‌ರಿಸ್ಟೋರ್ ಅನ್ನೋ ಪ್ರೋಗ್ರಾಂ ಹಚ್ಚಿ ಕೂತೆ. ಹೊರಗೆ ಜಡಿಮಳೆ, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ. ಮೋಡೆಮ್, ಅಂದರೆ ಟವರ್ ಜೊತೆ ಮಾತಾಡೋ ಚಿಪ್ (ಬೇಸ್‌ಬ್ಯಾಂಡ್ ಅಂತಲೂ ಅಂತಾರೆ), ಅದರ ಸರದಿ ಬಂದಾಗ ಏನೋ ಎರರ್. ಆ ಗಡಿಬಿಡಿಯಲ್ಲಿ 'ನೋ ಬೇಸ್‌ಬ್ಯಾಂಡ್' ಅಂತ ಕೊಟ್ಟುಬಿಟ್ಟೆ. ಅದು ಐಪಾಡ್ ಟಚ್, ಬರೀ ವೈಫೈ ಇರುವ ಐಪ್ಯಾಡ್‌ಗಳಿಗೆ ಇಟ್ಟಿದ್ದು ಅಂತ ಎಚ್ಚರಿಕೆ ಬರೆದೇ ಇದೆ. ಓದಿದ್ದೆ ಕೂಡ.

ಫೋನ್ ಆನ್ ಆಯ್ತು, ಹಲೋ ಅಂತು, ಆಮೇಲೆ ಆಕ್ಟಿವೇಟ್ ಆಗಲ್ಲ ಅಂತು. ಮೇಲೆ ನೋ ಸರ್ವಿಸ್. ನಮ್ಮ ಕಡೆ ನೋ ಸರ್ವಿಸ್ ನೋಡಿ ಯಾರು ಹೆದರ್ತಾರೆ? ಮಳೆಗೆ ಟವರ್ ಮಲಗಿದೆ ಅಂತ ಎರಡು ದಿನ ಸುಮ್ನೆ ಕೂತೆ. ಮೂರನೇ ದಿನ ಅಕ್ಕನ ಫೋನಿಗೆ ಕಾಲ್ ಬಂತು, ನನ್ನದು ಹಾಗೇ ಇತ್ತು. ಒಬ್ಬ ರಿಪೇರಿಯವರು ಬೋರ್ಡ್ ಹೋಗಿದೆ, 4500 ಆಗುತ್ತೆ ಅಂದರು. ಫೋನಿನ ಬೆಲೆಯೇ ಅಷ್ಟಿಲ್ಲ ಈಗ.

ಗೋಪಿ ಸರ್ಕಲ್‌ನವರು ಬಿಚ್ಚೋಕೇ ಹೋಗಲಿಲ್ಲ. ಹಲೋ ಸ್ಕ್ರೀನ್‌ನಲ್ಲಿ ಮೂಲೆಯ ಐ ಗುರುತು ಒತ್ತಿ ನನ್ನ ಮುಂದೆ ಹಿಡಿದರು. ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್, ಇರಬೇಕಾದ ಜಾಗ ಖಾಲಿ. "ಏನ್ ಮಾಡಿದ್ರಿ ಮಾರಾಯ್ರೇ, ನಿಜ ಹೇಳಿ" ಅಂದರು. ಹೇಳಿದೆ. ನಕ್ಕರು, ಬೈಯಲಿಲ್ಲ.

ಆಮೇಲೆ ಅವರು ಹೇಳಿದ್ದು ನನಗೆ ಹಿಡಿಸಿತು. ಈ ಥರದ ಜೈಲ್‌ಬ್ರೇಕ್ ಮೋಡೆಮ್ ಮುಟ್ಟೋದೇ ಇಲ್ಲ, ಮುಟ್ಟೋದು ರಿಸ್ಟೋರ್. ಮೋಡೆಮ್‌ಗೆ ಅದರದ್ದೇ ಫರ್ಮ್‌ವೇರ್ (ಚಿಪ್ ಒಳಗಿನ ಸಾಫ್ಟ್‌ವೇರ್), ಅದರದ್ದೇ ಸಹಿ. ಪ್ರತಿ ಸಲ ಹೊಸ ಸಂಖ್ಯೆ ಹುಟ್ಟಿಸಿ ಆಪಲ್ ಹತ್ತಿರ ಸಹಿ ಕೇಳುತ್ತೆ. ಹಾಗಾಗಿ ನೀವು ಉಳಿಸಿಟ್ಟ ಬ್ಲಾಬ್ ಐಒಎಸ್‌ಗೆ ಆಯ್ತು, ಇದಕ್ಕೆ ನಡೆಯಲ್ಲ. ಹಳೇ ಐಒಎಸ್ ಹಾಕಿದರೂ ಮೋಡೆಮ್ ಈಗಿನದ್ದೇ ಕೊಡಬೇಕು, 'ಲೇಟೆಸ್ಟ್ ಬೇಸ್‌ಬ್ಯಾಂಡ್' ಅಂತ. 2010ರಲ್ಲಿ ಅನ್‌ಲಾಕ್ ಆಸೆಗೆ, ಅಂದರೆ ಬೇರೆ ಕಂಪನಿ ಸಿಮ್ ನಡೀಲಿ ಅಂತ, ಐಫೋನ್ 3ಜಿಎಸ್‌ಗೆ ಐಪ್ಯಾಡಿನ 06.15 ಮೋಡೆಮ್ ಫರ್ಮ್‌ವೇರ್ ಹಾಕಿಕೊಂಡು ಜಿಪಿಎಸ್ ಕಳ್ಕೊಂಡವರನ್ನೂ ನೋಡಿದ್ದರಂತೆ. ಅದು ಶುರುವಾದರೆ ಅವರ ಮಾತು ಮುಗಿಯಲ್ಲ, ಅರ್ಧ ಗಂಟೆ ಅದೇ ಆಯ್ತು.

ಕೆಲಸ ಮಾತ್ರ ಸೀದಾ. ರಿಕವರಿ ಮೋಡ್‌ಗೆ ಹಾಕಿ, ಐಟ್ಯೂನ್ಸ್‌ನಿಂದ ಈಗ ಸಿಗುವ ಐಒಎಸ್ 15 ಹಾಕಿದರು. ಗೆರೆ ಮುಕ್ಕಾಲು ದಾಟಿ ಒಂದು ಕಡೆ ನಿಂತೇಬಿಡ್ತು. "ಚಿಪ್ ಹೋಗಿದ್ದರೆ ಇಲ್ಲೇ ಎರರ್ ಕೊಡುತ್ತೆ, ಕೇಬಲ್ ಮುಟ್ಟಬೇಡಿ" ಅಂದರು. ಮುಟ್ಟಲಿಲ್ಲ, ಉಸಿರೂ ಬಿಡಲಿಲ್ಲ. ಎದ್ದು ಬಂತು, ಐಎಂಇಐ ಬಂತು, ಎರಡು ಕಡ್ಡಿ ಸಿಗ್ನಲ್ ಬಂತು. 400 ರೂಪಾಯಿ.

ಹಳೇ ಐಒಎಸ್ ಹೋಯ್ತು, ಅದು ನನ್ನ ತಪ್ಪಿನ ಬೆಲೆ. ಅಂಗಡಿಗೆ ಒಂದು ಸ್ಟಾರ್ ಕಡಿಮೆ ಯಾಕೆ ಅಂದ್ರೆ, ಬಿಲ್ ಕೊಡಲ್ಲ, ಫೋನ್ ಎತ್ತಲ್ಲ, ಊಟಕ್ಕೆ ಹೋದರೆ ಯಾವಾಗ ಬರ್ತಾರೋ ಗೊತ್ತಿಲ್ಲ. ನೀವು ಹೋಗೋದಾದ್ರೆ ಬೆಳಿಗ್ಗೆಯೇ ಹೋಗಿ. ರಿಸ್ಟೋರ್‌ಗೆ ಮುಂಚೆ ಫೈಂಡ್ ಮೈ (ಕಳೆದ ಫೋನ್ ಹುಡುಕೋ ಸೌಲಭ್ಯ) ಆಫ್ ಮಾಡಿ, ಐಎಂಇಐ ಬರೆದಿಡಿ, ಸೆಟ್ಟಿಂಗ್ಸ್‌ನ ಅಬೌಟ್‌ನಲ್ಲಿ ಮೋಡೆಮ್ ಫರ್ಮ್‌ವೇರ್ ಸಾಲು ಖಾಲಿ ಇಲ್ಲ ಅಂತ ನೋಡಿಕೊಳ್ಳಿ. ಅದು ಮೊದಲೇ ಖಾಲಿ ಇದ್ದರೆ ಕಥೆ ಬೇರೆ, ಚಿಪ್ಪೇ ಹೋಗಿರಬಹುದು.

ವಾಪಸ್ ಬರುವಾಗ ಮಂಡಗದ್ದೆ ದಾಟಿದ ಮೇಲೆ ಮತ್ತೆ ನೋ ಸರ್ವಿಸ್. ಎದೆ ಧಸಕ್ಕಂತು. ಬಸ್ಸಲ್ಲೇ *#06# ಒತ್ತಿದೆ. ಐಎಂಇಐ ನಂಬರ್ ಬಂತು. ಟವರ್ ಇಲ್ಲ ಅಷ್ಟೇ.