ರೂಬಿಯ ಅಂಕಿಗಳಿಗೆ ಹೊಸ ಮಾತು ಕಲಿಸುವ ಆ್ಯಕ್ಟಿವ್ ಸಪೋರ್ಟ್

ಮೊದಲು ನನ್ನ ಬ್ಯಾಕಪ್ ಸ್ಕ್ರಿಪ್ಟಿನ ತುಂಬ 86400 (ಒಂದು ದಿನದ ಸೆಕೆಂಡುಗಳು), 1048576 (ಒಂದು ಮೆಗಾಬೈಟ್‌ನ ಬೈಟ್‌ಗಳು) ಇಂಥ ಅಂಕಿಗಳೇ ಇದ್ದವು. ಯಾವುದು ಏನು ಅಂತ ಪಕ್ಕದಲ್ಲೊಂದು ಕಾಮೆಂಟ್. ಈಗ ಅಲ್ಲಿ 1.ಡೇ, 1.ಮೆಗಾಬೈಟ್ ಅಂತಿದೆ. ಕಾಮೆಂಟ್‌ಗಳನ್ನೆಲ್ಲ ಅಳಿಸಿದೆ. ಹಳೆಯ ಫೈಲ್ ಹುಡುಕುವ ಸಾಲು 7.ಡೇಸ್.ಅಗೋ. ಓದಿದರೆ ಸಾಕು, ಅರ್ಥ ಆಗುತ್ತದೆ ಅಲ್ವಾ?

ಇದೆಲ್ಲ ಆ್ಯಕ್ಟಿವ್ ಸಪೋರ್ಟ್‌ನ ಕೆಲಸ. ಅದು ರೂಬಿ ಪ್ರೋಗ್ರಾಮಿಂಗ್ ಭಾಷೆಯ ವೆಬ್ ಫ್ರೇಮ್‌ವರ್ಕ್ ರೈಲ್ಸ್ ಜೊತೆ ಬರುವ ಜೆಮ್, ಅಂದರೆ ಸಿದ್ಧ ಕೋಡ್‌ನ ಕಟ್ಟು. ಆದರೆ ರೈಲ್ಸ್ ಇಲ್ಲದೆಯೂ ನಡೆಯುತ್ತದೆ. ಬೈಟ್ ಲೆಕ್ಕ ಮಾತ್ರ ಬೇಕಾದರೆ ಆ ಒಂದು ಭಾಗವನ್ನಷ್ಟೇ ರಿಕ್ವೈರ್ (ಲೋಡ್) ಮಾಡಬಹುದು. ಸುಮ್ನೆ ಎಲ್ಲವನ್ನೂ ಎಳೆದು ತರಬೇಡಿ.

ನನಗೆ ಜಾಸ್ತಿ ಇಷ್ಟವಾಗಿದ್ದು ತಿಂಗಳ ವಿಷಯ. 1.5.ಅವರ್ಸ್ ಅಂದರೆ ಒಪ್ಪುತ್ತದೆ, 1.5.ಮಂತ್ಸ್ ಅಂದರೆ ಎರರ್ ಕೊಡುತ್ತದೆ. ಅರ್ಧ ತಿಂಗಳು ಎಂದರೆ ಎಷ್ಟು ದಿನ ಅಂತ ಯಾರೂ ಖಚಿತವಾಗಿ ಹೇಳಲಾರರು. ಹಾಗಾಗಿ ಮಂತ್ಸ್ ಎಂಬ ಮೆಥಡ್ (ಅಂಕಿಯ ಮುಂದೆ ಚುಕ್ಕಿ ಇಟ್ಟು ಕರೆಯುವ ಕೋಡ್) ಪೂರ್ಣಾಂಕಕ್ಕೆ ಮಾತ್ರ ಇದೆ. ಜನವರಿ 31ಕ್ಕೆ 1.ಮಂತ್ ಕೂಡಿಸಿದರೆ ಫೆಬ್ರವರಿಯ ಕೊನೆಯ ದಿನ ಬರುತ್ತದೆ. ಆ 1.ಮಂತ್ ಅನ್ನೇ ಸೆಕೆಂಡಿಗೆ ಇಳಿಸಿದರೆ 2629746 ಸಿಗುತ್ತದೆ, ಅಂದರೆ ವರ್ಷದ ಹನ್ನೆರಡನೇ ಒಂದು ಭಾಗ. ರೈಲ್ಸ್ 5.1ಕ್ಕಿಂತ ಮೊದಲು ತಿಂಗಳಿಗೆ 30 ದಿನ ಅಂತ ಹಿಡಿಯುತ್ತಿದ್ದರು. ಹನ್ನೆರಡು ತಿಂಗಳು ಕೂಡಿಸಿದರೂ ಒಂದು ವರ್ಷ ತುಂಬುತ್ತಿರಲಿಲ್ಲ. ತಾರೀಖಿನ ಲೆಕ್ಕ ಇದ್ದಾಗ ದಯವಿಟ್ಟು ಸೆಕೆಂಡಿಗೆ ಇಳಿಸಬೇಡಿ.

ಇನ್ನು ನನ್ನ ಆತಂಕ. ರೂಬಿಯಲ್ಲಿ ಒಂದು 5ಕ್ಕೆ ಮಾತ್ರ ಮೆಥಡ್ ಅಂಟಿಸಲು ಆಗುವುದಿಲ್ಲ. ಎಲ್ಲ ಕಡೆಯ 5 ಒಂದೇ ಆಬ್ಜೆಕ್ಟ್. ಎಲ್ಲ ಪೂರ್ಣಾಂಕಗಳಿಗೂ ಅಚ್ಚಿನಂತಿರುವ ಕ್ಲಾಸನ್ನೇ ತೆರೆದು ಸೇರಿಸಬೇಕು, ಆಗ ಅದು ಇಡೀ ಪ್ರೋಗ್ರಾಮ್‌ಗೆ ಹರಡುತ್ತದೆ. ರೂಬಿಯ ಜೊತೆಗೇ ಬರುತ್ತಿದ್ದ ಮ್ಯಾಥೆನ್ ಲೈಬ್ರರಿ ಇದಕ್ಕೆ ದೊಡ್ಡ ಉದಾಹರಣೆ. ಅದನ್ನು ಎಲ್ಲೋ ಒಂದು ಕಡೆ ಲೋಡ್ ಮಾಡಿದರೆ ಸಾಕು, 1 ಭಾಗಿಸು 2 ಎಂಬುದರ ಉತ್ತರ ಎಲ್ಲ ಕಡೆ ಸೊನ್ನೆಯ ಬದಲು ಭಿನ್ನರಾಶಿ ಆಗುತ್ತಿತ್ತು. ರೂಬಿ 2.5ರಲ್ಲಿ ಅದನ್ನು ತೆಗೆದರು.

ನನಗೆ ಪೆಟ್ಟು ಬಿದ್ದದ್ದು ಬೇರೊಂದು ಸಣ್ಣ ಜೆಮ್‌ನಿಂದ. ಅದು ಫಿಕ್ಸ್‌ನಮ್ (ಸಣ್ಣ ಪೂರ್ಣಾಂಕಗಳ ಹಳೆಯ ಕ್ಲಾಸ್) ತೆರೆದು ಮೆಥಡ್ ಸೇರಿಸುತ್ತಿತ್ತು. ರೂಬಿ 2.4ರಲ್ಲೇ ಫಿಕ್ಸ್‌ನಮ್, ದೊಡ್ಡ ಪೂರ್ಣಾಂಕಗಳ ಬಿಗ್‌ನಮ್ ಎರಡೂ ಇಂಟಿಜರ್ ಎಂಬ ಒಂದೇ ಕ್ಲಾಸಿನಲ್ಲಿ ಸೇರಿಹೋದವು. ಹಳೆಯ ಹೆಸರು ಮಾತ್ರ ಉಳಿದಿತ್ತು, 3.2ರಲ್ಲಿ ಅದೂ ಹೋಯಿತು. ನಾನು ಅಪ್‌ಗ್ರೇಡ್ ಮಾಡಿದಾಗ ಜೆಮ್ ಲೋಡ್ ಆಯಿತು, ಎರರ್ ಇಲ್ಲ. ಫಿಕ್ಸ್‌ನಮ್ ಅಂತ ಹೊಚ್ಚ ಹೊಸ ಕ್ಲಾಸ್ ಹುಟ್ಟಿ, ಮೆಥಡ್‌ಗಳೆಲ್ಲ ಅದರೊಳಗೆ ಕೂತಿದ್ದವು. ಅಂಕಿಗಳಿಗೆ ಏನೂ ತಲುಪಿರಲಿಲ್ಲ. ಇದು ತಿಳಿಯಲು ಒಂದು ಇಡೀ ಸಂಜೆ ಹೋಯಿತು.

ಅಂದಿನಿಂದ ನನ್ನ ಸ್ವಂತ ಮೆಥಡ್‌ಗಳನ್ನು ರಿಫೈನ್‌ಮೆಂಟ್‌ನಲ್ಲಿ, ಅಂದರೆ ಕೇಳಿದ ಫೈಲಿಗಷ್ಟೇ ತಲುಪುವ ಸೇರ್ಪಡೆಯಾಗಿ, ಬರೆಯುತ್ತೇನೆ. ರೂಬಿ 2.1ರಿಂದ ಇದು ಭದ್ರವಾಗಿದೆ. ಬೇಕಾದ ಫೈಲಿನ ಮೇಲೆ ಯೂಸಿಂಗ್ ಅಂತ ಒಂದು ಸಾಲು, ಅಷ್ಟೇ. ಬೇರೆ ಫೈಲಿನ 5ಕ್ಕೆ ಅದರ ಸುದ್ದಿಯೇ ಇಲ್ಲ. ಆ್ಯಕ್ಟಿವ್ ಸಪೋರ್ಟ್‌ನ ಅಂಕಿ ಮೆಥಡ್‌ಗಳೂ ಹೀಗೆ ಸಿಗುವಂತಿದ್ದರೆ ನಾನು ಪೂರ್ತಿ ಐದು ಸ್ಟಾರ್ ಕೊಡುತ್ತಿದ್ದೆ. ಸದ್ಯಕ್ಕೆ ನಾಲ್ಕು.