ಇಎಲ್34 ಆಂಪ್ಲಿಫೈಯರ್‌ಗೆ ಹಳೇ ಬೇಕಲೈಟ್ ಸಾಕೆಟ್ ಹಾಕಬೇಡ್ರಿ

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಯಲ್ಲೇ ವಾಲ್ವ್ (ಗಾಜಿನ ಬುರುಡೆಯ ಹಳೇ ಕಾಲದ ಎಲೆಕ್ಟ್ರಾನಿಕ್ ಭಾಗ) ಆಂಪ್ಲಿಫೈಯರ್ ಕಟ್ಟುವವರು ಬಿಡಿಭಾಗಕ್ಕೆ ಸುತ್ತುವ ಅಂಗಡಿಗಳು ಬೆರಳೆಣಿಕೆಯಷ್ಟು. ಅಂಥದ್ದೊಂದು ಅಂಗಡಿಯಲ್ಲಿ "ಹಳೇ ಸ್ಟಾಕ್ ರೀ ಸರ, ಆದ್ರ ಒಮ್ಮಿನೂ ಬಳಸಿಲ್ಲ" ಅಂತ ಕೊಟ್ಟ ಕಪ್ಪು ಬೇಕಲೈಟ್ (ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್) ಆಕ್ಟಲ್ (ಎಂಟು ಪಿನ್ನಿನ) ಸಾಕೆಟ್, ನನ್ನ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಸ್ಪೀಕರಿಗೆ ಶಕ್ತಿ ಕೊಡುವ ಒಂದು ಇಎಲ್34 ವಾಲ್ವನ್ನೂ ತಿಂದು ಹಾಕಿತು. ಇಡೀ ಆಂಪ್ಲಿಫೈಯರಿನಲ್ಲಿ ಅತಿ ಅಗ್ಗದ ಸಾಮಾನುಗಳಲ್ಲಿ ಅದೂ ಒಂದು.

ಔಟ್‌ಪುಟ್ ವಾಲ್ವ್‌ಗಳು ಸರದಿಯಲ್ಲಿ ದುಡಿಯುವ ಪುಷ್-ಪುಲ್ ಸರ್ಕ್ಯೂಟ್, ಎಚ್‌ಟಿ (ವಾಲ್ವಿಗೆ ಕೊಡುವ ಹೈ ವೋಲ್ಟೇಜ್) ಸುಮಾರು 430 ವೋಲ್ಟ್. ಬೇಸಿಗೆಯಲ್ಲಿ ಏನೂ ತಕರಾರಿಲ್ಲದೆ ಹಾಡಿತು. ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದು ಗೋಡೆಯೆಲ್ಲ ತಂಪಾದ ಮೇಲೆ, ಒಂದು ಸಂಜೆ ಆನ್ ಮಾಡಿದಾಗ ಸ್ಪೀಕರಿನಲ್ಲಿ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಿಟಪಟ ಸದ್ದು. ಆಮೇಲೆ "ಚಟ್" ಅಂತ ಒಂದು ಏಟು, ಸುಟ್ಟ ವಾಸನೆ. ಮೇನ್ಸ್ ಫ್ಯೂಸ್ ಹಾರಲೇ ಇಲ್ಲ. ನೋಡುತ್ತಿದ್ದಂತೆ ಒಂದು ವಾಲ್ವಿನ ಒಳಗೆ ಗ್ರಿಡ್ಡಿನ ತಂತಿ ಕೆಂಪಗೆ ಕಾದಿತ್ತು. ಸ್ವಿಚ್ ಆರಿಸಿದೆ, ಅಷ್ಟರಲ್ಲಿ ಆಗುವುದೆಲ್ಲ ಆಗಿತ್ತು.

ಆಂಪ್ಲಿಫೈಯರಿನ ತಳ ತೆಗೆದು ಸಾಕೆಟ್ ನೋಡಿದರೆ 2 ಮತ್ತು 3ನೇ ಪಿನ್ನುಗಳ ನಡುವೆ ಕೂದಲೆಳೆಯಷ್ಟು ಸಣ್ಣ ಕರಿ ಗೆರೆ. ಇಎಲ್34ರಲ್ಲಿ 3 ಅಂದರೆ ಆನೋಡ್ (ಎಚ್‌ಟಿ ಬಂದು ಸೇರುವ ತಗಡು), ಪಕ್ಕದ 2 ಹೀಟರ್ (ವಾಲ್ವನ್ನು ಒಳಗಿನಿಂದ ಕಾಯಿಸುವ ತಂತಿ). ಹೀಟರ್ ಹೆಚ್ಚುಕಡಿಮೆ ಅರ್ಥ್ ಮಟ್ಟದಲ್ಲಿರುತ್ತದೆ. ಆನೋಡ್ ಮಾತ್ರ ಜೋರಾಗಿ ಹಾಡುವಾಗ ಎಚ್‌ಟಿಯ ಎರಡು ಪಟ್ಟಿನ ಹತ್ತಿರಕ್ಕೂ ಏರುತ್ತದೆ. ಸ್ಪೀಕರ್ ವೈರ್ ಕಳಚಿದ್ದರಂತೂ ಕೇಳಲೇಬೇಡಿ, ಸಾವಿರಾರು ವೋಲ್ಟಿನ ಏಟು ಬೀಳುತ್ತದೆ. ಬೇಕಲೈಟಿನ ಮೇಲೆ ಒಮ್ಮೆ ಕಿಡಿ ಹಾರಿದರೆ ಅಲ್ಲಿ ಇದ್ದಿಲಾಗುತ್ತದೆ, ಇದ್ದಿಲು ಕರೆಂಟ್ ಹರಿಸುತ್ತದೆ, ತೇವ ಸೇರಿದರೆ ಮತ್ತೆ ಅದೇ ದಾರಿಯಲ್ಲಿ ಕಿಡಿ. ನನ್ನಲ್ಲಿ ಆ ದಾರಿಯಿಂದ ಎಚ್‌ಟಿ ನೇರ ಹರಿದು ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಸುರುಳಿಯ ಒಂದು ಅರ್ಧ ಕಡಿದುಹೋಯಿತು. ಆನೋಡಿಗೆ ವೋಲ್ಟೇಜ್ ಇಲ್ಲ, ಸ್ಕ್ರೀನ್ ಗ್ರಿಡ್ಡಿಗೆ (ಆನೋಡಿನ ಒಳಗಿರುವ ತಂತಿಯ ಬಲೆಗೆ) ಮಾತ್ರ ಇದೆ. ಎಲ್ಲ ಕರೆಂಟೂ ಸ್ಕ್ರೀನ್ ಗ್ರಿಡ್ಡಿಗೇ ನುಗ್ಗಿ ಅದು ಕೆಂಪಾದದ್ದು ಹೀಗೆ.

ಸಾಕೆಟ್ ಒಯ್ದು ಅಂಗಡಿಯವರ ಮುಂದಿಟ್ಟೆ. ಅವರು ಮಲ್ಟಿಮೀಟರ್ ಹಚ್ಚಿ, "ಮೀಟರ್ ಏನೂ ತೋರಸಂಗಿಲ್ಲ ನೋಡ್ರಿ, ಸಾಕೆಟ್ ಛಲೋ ಐತಿ" ಅಂದರು. ಮೋಸ ಇರುವುದೇ ಇಲ್ಲಿ. ಮಲ್ಟಿಮೀಟರ್ ಓಮ್ಸ್ ಅಳೆಯುವುದು ಬ್ಯಾಟರಿಯ ಕೆಲವೇ ವೋಲ್ಟಿನಲ್ಲಿ. ಒಣಗಿದ ಗೆರೆ ಅಷ್ಟಕ್ಕೆ ಸುಮ್ಮನಿರುತ್ತದೆ. ಅದೇ ಸಾಕೆಟನ್ನು ಮೋಟಾರ್ ವೈಂಡಿಂಗ್ ಮಾಡುವವರ ಹತ್ತಿರ ಒಯ್ದು 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಚ್ಚಿಸಿದರೆ ಮುಳ್ಳು ಸೀದಾ ಸೊನ್ನೆಯ ಕಡೆ ಬಿತ್ತು. "ಇದು ಸತ್ತೈತ್ರಿ ಅಣ್ಣಾರ" ಅಂದ ಹುಡುಗ ದುಡ್ಡೂ ಇಸಕೊಳ್ಳಲಿಲ್ಲ. ಅಂಗಡಿಯಲ್ಲಿ ಮಾತ್ರ "ಎಲೆಕ್ಟ್ರಿಕ್ ಮಾಲಿಗೆ ರಿಟರ್ನ್ ಇಲ್ರಿ" ಅನ್ನುವುದರ ಮೇಲೆ ಮಾತು ಮುಂದೆ ಹೋಗಲಿಲ್ಲ.

ಇಂಥ ಮಾಲು ಬಹಳಷ್ಟು ಹಳೇ ಮೈಕ್‌ಸೆಟ್ ಆಂಪ್ಲಿಫೈಯರಿನಿಂದ ಕಿತ್ತದ್ದು. ಥಿನ್ನರಿನಿಂದ ತೊಳೆದು ಫಳಫಳ ಮಾಡಿರುತ್ತಾರೆ. ಲಗ್ಗಿನ (ವೈರ್ ಬೆಸೆಯುವ ಕಾಲಿನ) ತೂತಿನೊಳಗೆ ನೋಡಿ, ಬೆಸುಗೆಯ ಬೆಳ್ಳಿ ಬಣ್ಣ ಉಳಿದಿದ್ದರೆ "ಬಳಸಿಲ್ಲ" ಅನ್ನುವುದು ಸುಳ್ಳು. 3ನೇ ಪಿನ್ ಸುತ್ತ ಕಂದು ಕಲೆ ಇದ್ದರೆ ಕೈಯಲ್ಲೂ ಹಿಡಿಯಬೇಡಿ. ಕೆರೆದು ವಾರ್ನಿಷ್ ಬಳಿದರೆ ಸಾಕು ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕಂಪನಿಯ ಹಳೇ ಇಎಲ್84 (ಇಎಲ್34ಕ್ಕಿಂತ ಚಿಕ್ಕ ಔಟ್‌ಪುಟ್ ವಾಲ್ವ್) ಸಿಕ್ಕರೆ ಧೈರ್ಯವಾಗಿ ತಗೊಳ್ಳಿ, ಗಾಜಿನೊಳಗೆ ಮಳೆ ಹೋಗುವುದಿಲ್ಲ. ಸಾಕೆಟಿನ ಮಾತು ಬೇರೆ.

ಔಟ್‌ಪುಟ್ ವಾಲ್ವಿಗೆ ಹೊಸ ಸೆರಾಮಿಕ್ ಸಾಕೆಟ್ಟೇ ಸರಿ. ಆದರೆ ಬಿಳಿ ಇದ್ದದ್ದೆಲ್ಲ ಒಳ್ಳೆಯದಲ್ಲ. ಅಂಗಡಿಯಲ್ಲೇ ವಾಲ್ವ್ ಹಾಕಿ ತಲೆಕೆಳಗೆ ಹಿಡಿಯಿರಿ, ಜಾರಿದರೆ ವಾಪಸ್ ಕೊಡಿ. ಇಎಲ್34ರ ಹೀಟರ್ 1.5 ಆಂಪಿಯರ್ ಎಳೆಯುತ್ತದೆ, ಸಡಿಲ ಕಾಂಟ್ಯಾಕ್ಟ್ ಅಷ್ಟಕ್ಕೇ ಕಾದು ಇನ್ನೂ ಸಡಿಲಾಗುತ್ತದೆ. ಬಂಗಾರದ ಬಣ್ಣಕ್ಕೆ ಹೆಚ್ಚು ದುಡ್ಡು ಕೊಡುವುದು ಬರೀ ಶೋಕಿ.

ಸಾಕೆಟ್ ಕೈಗೆ ಬರುವ ತನಕ ಚಾಸಿಗೆ (ಆಂಪ್ಲಿಫೈಯರಿನ ತಗಡಿನ ಪೆಟ್ಟಿಗೆಗೆ) ಡ್ರಿಲ್ ಹಚ್ಚಬೇಡಿ. ಆಕ್ಟಲ್ ತೂತು 28 ಮಿಲಿಮೀಟರೂ ಇರಬಹುದು, 30 ಕೂಡ. ಸ್ಕ್ರೂ ಬಿಗಿಯುವಾಗ ಫೈಬರ್ ವಾಷರ್ ಇಡಿ, ಎರಡೂ ಬದಿ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಒಂದೇ ಬದಿ ಜಗ್ಗಿದರೆ ಸೆರಾಮಿಕ್ ಟಪ್ ಅಂತ ಸೀಳುತ್ತದೆ. ಹೀಟರ್ ಪಿನ್ನುಗಳು ಚಾಸಿಯ ಅಂಚಿನ ಕಡೆಗೆ ಬರುವ ಹಾಗೆ ಸಾಕೆಟ್ ತಿರುಗಿಸಿ ಕೂರಿಸಿದರೆ ಹೀಟರಿನ ಹೆಣೆದ ವೈರ್ ಮೂಲೆಗುಂಟ ಹೋಗುತ್ತದೆ, ಹಮ್ (ಸ್ಪೀಕರಿನ ಗುಂಯ್ ಸದ್ದು) ಕಡಿಮೆ. ಪಿನ್ ಎಣಿಸುವುದು ಕೆಳಗಿನಿಂದ ನೋಡುತ್ತ, ಗಡಿಯಾರದ ದಿಕ್ಕಿನಲ್ಲಿ. ಇಎಲ್84ಕ್ಕೆ ಬೇಕಾದ ಒಂಬತ್ತು ಪಿನ್ನಿನ ನೋವಲ್ ಸಾಕೆಟಿಗೆ ಬೆಸುಗೆ ಹಾಕುವಾಗ ಒಂದು ಕೆಟ್ಟ ವಾಲ್ವ್ ಒಳಗಿಟ್ಟಿರಿ, ಇಲ್ಲದಿದ್ದರೆ ಕಾಂಟ್ಯಾಕ್ಟ್ ಓರೆಯಾಗಿ ಹೊಸ ವಾಲ್ವಿನ ಗಾಜು ಬಿರುಕು ಬಿಡಬಹುದು. ಇಎಲ್84ರಲ್ಲಿ 7 ಆನೋಡ್. ಅಕ್ಕಪಕ್ಕದ 6, 8 ಖಾಲಿ ಲಗ್ ಅಂತ ಬೇರೆ ವೈರ್ ಕಟ್ಟಬೇಡಿ.

ಈಗಾಗಲೇ ಹಳೇ ಬೇಕಲೈಟ್ ಹಾಕಿದ್ದರೆ ಮಳೆಗಾಲ ಶುರುವಾಗುವ ಮುಂಚೆಯೇ ಬದಲಿಸಿ. ಬದಲಿಸುವ ಮುಂಚೆ ಪ್ಲಗ್ ಕಿತ್ತು, ಫಿಲ್ಟರ್ ಕೆಪಾಸಿಟರಿನ ಮೇಲೆ ಮೀಟರ್ ಇಟ್ಟು ನೋಡಿ. 220 ಕಿಲೋಓಮಿನ ಬ್ಲೀಡರ್ (ಕೆಪಾಸಿಟರ್ ಬರಿದುಮಾಡುವ ರೆಸಿಸ್ಟರ್) ಇದ್ದರೂ 100 ಮೈಕ್ರೋಫ್ಯಾರಡ್ ಬರಿದಾಗಲಿಕ್ಕೆ ಎರಡು ನಿಮಿಷ ಬೇಕು. ಬ್ಲೀಡರ್ ಇಲ್ಲದಿದ್ದರೆ ಎಷ್ಟೋ ಹೊತ್ತಿನ ಮೇಲೂ ನೂರಾರು ವೋಲ್ಟ್ ಅಲ್ಲೇ ಕೂತಿರಬಹುದು.