ಕ್ಲೆಜ್ಮ್ಯಾಟಿಕ್ಸ್ ತಂಡದ ‘ವಂಡರ್ ವೀಲ್’: ಕೇಳಬಹುದಾ?

ಮೊದಲೇ ಹೇಳಿಬಿಡುತ್ತೇನೆ, ಮದುವೆ ಮನೆಯ ಕುಣಿತದ ಕ್ಲೆಜ್ಮರ್ ಬೇಕು ಅಂತಿದ್ದರೆ ಈ ಆಲ್ಬಂನಿಂದ ಶುರು ಮಾಡಬೇಡಿ.

ಗೊತ್ತಿಲ್ಲದವರಿಗೆ: ಪೂರ್ವ ಯುರೋಪಿನ ಯಹೂದಿಗಳ ಮದುವೆ, ಹಬ್ಬಗಳಲ್ಲಿ ನುಡಿಸುತ್ತಿದ್ದ ಸಂಗೀತವೇ ಕ್ಲೆಜ್ಮರ್. ಪಿಟೀಲು, ಕ್ಲಾರಿನೆಟ್, ಜೊತೆಗೆ ಸಂತೂರಿನ ಥರ ಕೋಲಿನಿಂದ ಬಾರಿಸುವ ಒಂದು ವಾದ್ಯ. ವಲಸೆ ಹೋದವರ ಜೊತೆ ಅದೂ ನ್ಯೂಯಾರ್ಕಿಗೆ ಹೋಯಿತು, ಅಲ್ಲಿ ಒಂದಷ್ಟು ಕಾಲ ಮೆರೆಯಿತು, ಆಮೇಲಿನ ತಲೆಮಾರಿಗೆ ಹಳೇದು ಅನ್ನಿಸಿ ಮೂಲೆ ಸೇರಿತು, 1970ರ ದಶಕದ ಕೊನೆಗೆ ಮತ್ತೆ ಚಿಗುರಿತು. ಅದರ ಒಂದು ಮುಖ್ಯ ಸ್ವರಶ್ರೇಣಿಯಲ್ಲಿ ಇರೋದು ನಮ್ಮ ವಕುಳಾಭರಣದ ಸ್ವರಗಳೇ. ಹಿಂದೂಸ್ತಾನಿ ಕೇಳುವವರಿಗಾದರೆ ಬಸಂತ್ ಮುಖಾರಿ. ಹಾಗಾಗಿ ನಮ್ಮ ಕಿವಿಗೆ ಅದು ಅಷ್ಟೇನೂ ಹೊಸದು ಅನ್ನಿಸುವುದಿಲ್ಲ.

ಕ್ಲೆಜ್ಮ್ಯಾಟಿಕ್ಸ್ 1986ರಲ್ಲಿ ನ್ಯೂಯಾರ್ಕಿನ ಈಸ್ಟ್ ವಿಲೇಜ್‌ನಲ್ಲಿ ಶುರುವಾದ ತಂಡ. ಹಳೇ ಮಟ್ಟುಗಳಿಗೆ ಜಾಝ್, ರಾಕ್ ಸೇರಿಸಿ ನುಡಿಸಿಯೇ ಹೆಸರು ಮಾಡಿದವರು. 2006ರ ‘ವಂಡರ್ ವೀಲ್’ ಮಾತ್ರ ಬೇರೆ ದಾರಿ ಹಿಡಿದಿದೆ. ಇದರ ಸಾಹಿತ್ಯವೆಲ್ಲ ವುಡಿ ಗತ್ರಿಯದು. ಅಮೆರಿಕದ ಒಕ್ಲಹೋಮಾದವರು, ಗಿಟಾರ್ ಹಿಡಿದು ಕೂಲಿ ಕಾರ್ಮಿಕರ ಬಗ್ಗೆ ಹಾಡಿದವರು. ಅವರಿಗೂ ಯಹೂದಿ ಸಂಗೀತಕ್ಕೂ ಏನು ನಂಟು ಅನ್ನಿಸುತ್ತೆ, ಅಲ್ವಾ? ಹೆಂಡತಿ ಮಾರ್ಜೊರಿ ಯಹೂದಿ. ಅತ್ತೆ ಅಲಿಜಾ ಗ್ರೀನ್‌ಬ್ಲಾಟ್ ಯಿದ್ದಿಷ್, ಅಂದರೆ ಪೂರ್ವ ಯುರೋಪಿನ ಯಹೂದಿಗಳ ಭಾಷೆಯ ಕವಿ. 1940ರ ದಶಕದಲ್ಲಿ ಗತ್ರಿ ಸಂಸಾರ ನ್ಯೂಯಾರ್ಕಿನ ಕೋನಿ ಐಲೆಂಡಿನ ಮರ್ಮೇಡ್ ಅವೆನ್ಯೂ ಅನ್ನೋ ಬೀದಿಯಲ್ಲಿತ್ತು. ಆಲ್ಬಂ ಹೆಸರು ಕೂಡ ಅಲ್ಲಿನ, 1920ರಿಂದ ಸುತ್ತುತ್ತಲೇ ಇರುವ ಜಾತ್ರೆಯಲ್ಲಿರುವಂಥ ದೊಡ್ಡ ರಾಟೆಯದು. ಗತ್ರಿ ಬರೆದಿಟ್ಟು ರಾಗ ಉಳಿಯದೇ ಹೋಗಿದ್ದ ಹಾಡುಗಳನ್ನು ಮಗಳು ನೋರಾ ಈ ತಂಡದ ಕೈಗೆ ಕೊಟ್ಟರು, ಇವರು ಮಟ್ಟು ಹಾಕಿದರು.

ಅದಕ್ಕೇ ಈ ಬೆರಕೆ ಅಂಟಿಸಿದ ಹಾಗೆ ಕೇಳಿಸುವುದಿಲ್ಲ. ಎಷ್ಟೋ ಫ್ಯೂಷನ್‌ಗಳಲ್ಲಿ ಇಬ್ಬರು ತಮ್ಮ ಪಾಡಿಗೆ ತಾವು ನುಡಿಸಿ ಕೊನೆಗೆ ಒಟ್ಟಿಗೆ ಸದ್ದು ಮಾಡಿ ಮುಗಿಸುತ್ತಾರೆ. ಇಲ್ಲಿ ಇಬ್ಬರೂ ಒಂದೇ ಬೀದಿಯವರು. ಆ ಬೀದಿಯ ಮೇಲೇ ಒಂದು ಹಾಡಿದೆ, ಅಲ್ಲಿ ಸಿಗುವ ತಿಂಡಿಗಳನ್ನೆಲ್ಲ ಪೋಣಿಸಿಕೊಂಡು ಹೋಗುತ್ತೆ. ನನಗೆ ಇಡೀ ಆಲ್ಬಂನಲ್ಲಿ ಅದೇ ಇಷ್ಟ. ಮಗುವನ್ನು ಮಲಗಿಸುವ ಜೋಗುಳವೂ ಚೆನ್ನಾಗಿದೆ. ತಂಡದ ಗಾಯಕ ಲೊರಿನ್ ಸ್ಕ್ಲಾಂಬರ್ಗ್ ದನಿ ತೆಳುವಾಗಿ, ಎತ್ತರದಲ್ಲಿ, ಒಂಚೂರೂ ಆರ್ಭಟವಿಲ್ಲದೆ ಸಾಗುತ್ತೆ. ಲೀಸಾ ಗುಟ್ಕಿನ್ ಪಿಟೀಲು ಯಾವಾಗ ಐರಿಶ್ ಕಡೆ ವಾಲುತ್ತೆ, ಯಾವಾಗ ಯಿದ್ದಿಷ್ ಕಡೆ ತಿರುಗುತ್ತೆ ಅಂತ ಹಿಡಿಯೋದೇ ಒಂದು ಮಜಾ. ಐರಿಶ್ ಗಾಯಕಿ ಸೂಸನ್ ಮೆಕ್ಯೂನ್ ಕೂಡ ಅತಿಥಿಯಾಗಿ ಹಾಡಿದ್ದಾರೆ.

ತಕರಾರೂ ಇದೆ. ನಿಧಾನದ ಹಾಡುಗಳು ಜಾಸ್ತಿ. ಫ್ರಾಂಕ್ ಲಂಡನ್ ಅವರಂಥ ಟ್ರಂಪೆಟ್ ವಾದಕರನ್ನು ಇಟ್ಟುಕೊಂಡು ಅಷ್ಟೊಂದು ಹೊತ್ತು ತಡೆದು ನಿಲ್ಲಿಸಿದ್ದು ಯಾಕೋ. ಕೆಲವು ಕಡೆ ಇದು ಸುಮ್ನೆ ಒಳ್ಳೆಯ ಅಮೆರಿಕನ್ ಜಾನಪದ ಆಲ್ಬಂ ಅಷ್ಟೇ, ಕ್ಲೆಜ್ಮರ್ ಹಿಂದೆಲ್ಲೋ ಉಳಿದುಬಿಡುತ್ತೆ. 2007ರಲ್ಲಿ ಇದಕ್ಕೆ ಗ್ರ್ಯಾಮಿ ಬಂತು, ಅದೂ ವರ್ಲ್ಡ್ ಮ್ಯೂಸಿಕ್ ವಿಭಾಗದಲ್ಲಿ. ನ್ಯೂಯಾರ್ಕಿನ ಸಾಹಿತ್ಯ, ನ್ಯೂಯಾರ್ಕಿನ ತಂಡ, ಇಂಗ್ಲಿಷ್ ಹಾಡು, ಆದರೂ ಗ್ರ್ಯಾಮಿಯವರಿಗೆ ಅದು ಹೊರಗಿನದೇ. ಇರಲಿ.

ಕುಣಿಸುವ ಕ್ಲೆಜ್ಮರ್ ಬೇಕಾದವರು ಇದೇ ತಂಡದ ಹಳೆಯ ‘ರಿದಂ ಆ್ಯಂಡ್ ಜ್ಯೂಸ್’ (Rhythm + Jews) ಹಾಕಿಕೊಳ್ಳಿ. ಅದರಲ್ಲಿ ಡೇವಿಡ್ ಕ್ರಾಕವರ್ ಕ್ಲಾರಿನೆಟ್ ಇದೆ, ಅಲ್ಲಿ ಯಾರೂ ಯಾರನ್ನೂ ತಡೆದು ನಿಲ್ಲಿಸಿಲ್ಲ.